ತಗ್ಗು ಮುಳುಗಿದ ಮೇಲೆ ಪ್ರೇರಿ: 1950ರ ಸುಮಾರಿನ ಮಿಸೌರಿ ನದಿ ಸೀಮೆ

ಅಮೆರಿಕದ ನಾರ್ತ್ ಡಕೋಟ ರಾಜ್ಯದ ಎರಡು ನಕ್ಷೆ ಪಕ್ಕಪಕ್ಕ ಇಟ್ಟು ನೋಡಿ. ಒಂದು 1945ರ ಸುಮಾರಿನದು, ಇನ್ನೊಂದು 1960ರ ಸುಮಾರಿನದು. ಹಳೆಯದರಲ್ಲಿ ಮಿಸೌರಿ ನದಿ ಸೊಟ್ಟಸೊಟ್ಟಗೆ ಹೋಗುವ ಒಂದು ಗೆರೆ. ಹೊಸದರಲ್ಲಿ ಅದೇ ಜಾಗದಲ್ಲಿ ಗ್ಯಾರಿಸನ್ ಅಣೆಕಟ್ಟಿನ ದೊಡ್ಡ ಹಿನ್ನೀರು. ಈಗ ಅದನ್ನು ಸಕಾಕವಿಯಾ ಸರೋವರ ಅನ್ನುತ್ತಾರೆ, ಪೂರ್ತಿ ತುಂಬಿದರೆ ಸುಮಾರು 286 ಕಿಲೋಮೀಟರ್ ಉದ್ದ. ನಕ್ಷೆ ನೋಡಿದವರಿಗೆ ಅನ್ನಿಸುವುದು ಇಷ್ಟೇ: ನದಿ ಅಗಲ ಆಗಿದೆ, ಸುತ್ತಲಿನ ಬಯಲು ಹಾಗೇ ಇದೆ, ಎಕರೆ ಲೆಕ್ಕದಲ್ಲಿ ನೋಡಿದರೆ ಹೋಗಿದ್ದು ರಾಜ್ಯದ ಒಂದು ಸಣ್ಣ ಪಾಲು. ಎಕರೆ ಲೆಕ್ಕವೇ ಇಲ್ಲಿ ದಾರಿ ತಪ್ಪಿಸುತ್ತದೆ. ಆ ಸೀಮೆಯಲ್ಲಿ ಬದುಕನ್ನು ನಿರ್ಧರಿಸುತ್ತಿದ್ದದ್ದು ನೆಲ ಎಷ್ಟಿದೆ ಅನ್ನುವುದಕ್ಕಿಂತ ಜಾಸ್ತಿ, ನೆಲ ಎಷ್ಟು ಎತ್ತರದಲ್ಲಿದೆ ಅನ್ನುವುದು.

ಪ್ರೇರಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕಣ್ಣು ಹಾಯುವಷ್ಟೂ ದೂರದ ಸಪಾಟು ಹುಲ್ಲುಗಾವಲು. ಮೇಲೆ ನಿಂತರೆ ಹಾಗೇ ಕಾಣುತ್ತದೆ ನಿಜ. ಆದರೆ ಮಿಸೌರಿಯ ಹತ್ತಿರ ಬಂದ ಹಾಗೆ ಆ ಬಯಲು ಕಡಿದು ಹೋಗುತ್ತದೆ. ಮೊದಲು ಮಳೆ ನೀರು ಕೊರೆದ ಹಳ್ಳ, ಕೊರಕಲು, ಬೋಳು ದಿನ್ನೆಗಳು ಬರುತ್ತವೆ. ಅವುಗಳ ಕೆಳಗೆ, ಬಯಲಿಗಿಂತ ನೂರಾರು ಅಡಿ ಆಳದಲ್ಲಿ ನದಿಯ ಕಣಿವೆ. ಆ ಕಣಿವೆಯ ತಳದಲ್ಲಿ ನದಿಯ ಎರಡೂ ಕಡೆ ಮೆಕ್ಕಲು ಮಣ್ಣಿನ ಪಟ್ಟಿ, ಅದರ ಮೇಲೆ ಕಾಡು. ಹೀಗೆ ಮೂರು ಮಟ್ಟ: ಮೇಲಿನ ಬಯಲು, ನಡುವಿನ ಕೊರಕಲು, ಕೆಳಗಿನ ತಗ್ಗು. ಮೂರರ ಮಣ್ಣು ಬೇರೆ, ಗಾಳಿ ಬೇರೆ, ನೀರು ಬೇರೆ. ಒಂದೇ ಊರಿನವರು ವರ್ಷದಲ್ಲಿ ಮೂರನ್ನೂ ಬಳಸುತ್ತಿದ್ದರು.

ನದಿ ಇಲ್ಲಿಗೆ ಬಂದ ಕಥೆ ಕೂಡ ಸೊಗಸಾದದ್ದು. ಹಿಮಯುಗಕ್ಕೆ ಮೊದಲು ಈ ಭಾಗದ ನದಿಗಳು ಉತ್ತರಕ್ಕೆ, ಈಗಿನ ಕೆನಡಾದ ಹಡ್ಸನ್ ಕೊಲ್ಲಿಯ ಕಡೆಗೆ ಹರಿಯುತ್ತಿದ್ದವು. ಉತ್ತರದಿಂದ ಹಿಮದ ಭಾರಿ ಹಾಳೆ ಜರುಗಿ ಬಂದು ಆ ದಾರಿ ಮುಚ್ಚಿತು. ನೀರಿಗೆ ಎಲ್ಲಾದರೂ ಹೋಗಲೇಬೇಕಲ್ವಾ? ಹಿಮದ ಅಂಚನ್ನೇ ಹಿಡಿದು ಆಗ್ನೇಯಕ್ಕೆ ತಿರುಗಿ, ಹೊಸ ಕಣಿವೆ ಕೊರೆಯಿತು. ಅದಕ್ಕೇ ಇಂದಿಗೂ ಮಿಸೌರಿ ನಾರ್ತ್ ಡಕೋಟದಲ್ಲಿ ಸುಮಾರಾಗಿ ಎರಡು ಬೇರೆ ಬೇರೆ ನೆಲಗಳ ಗಡಿಯ ಹಾಗೆ ಹರಿಯುತ್ತದೆ. ಪೂರ್ವಕ್ಕೆ ಹಿಮ ಬಿಟ್ಟು ಹೋದ ಮಣ್ಣು, ಸಾವಿರಾರು ಸಣ್ಣ ಹೊಂಡಗಳು, ಗೋಧಿಗೆ ಹದವಾದ ಜಮೀನು. ಪಶ್ಚಿಮಕ್ಕೆ ಹಿಮ ಅಷ್ಟಾಗಿ ಸವರದ ಹಳೆಯ ನೆಲ, ತಲೆ ಚಪ್ಪಟೆಯಾದ ಗುಡ್ಡಗಳು, ಬಣ್ಣಬಣ್ಣದ ಪದರಗಳ ಬ್ಯಾಡ್‌ಲ್ಯಾಂಡ್ಸ್, ದನ ಮೇಯಿಸುವ ಹುಲ್ಲು, ಅಡಿಯಲ್ಲಿ ಲಿಗ್ನೈಟ್ ಕಲ್ಲಿದ್ದಲು.

ಇನ್ನು ಮಳೆ. ಉತ್ತರ ಅಮೆರಿಕದ ನಡುವೆ ಹಾದುಹೋಗುವ 100ನೇ ಪಶ್ಚಿಮ ರೇಖಾಂಶದ ಬಗ್ಗೆ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ಈ ಗೆರೆಯ ಆಚೆ ವರ್ಷಕ್ಕೆ 20 ಇಂಚಿಗಿಂತ ಕಡಿಮೆ ಮಳೆ, ಬರೀ ಮಳೆ ನಂಬಿ ಬೇಸಾಯ ಮಾಡುವುದು ಅಪಾಯ ಅನ್ನುವುದು ಅವರ ವಾದ. ಆ ಗೆರೆ ನಾರ್ತ್ ಡಕೋಟದ ನಡುವೆಯೇ ಹಾದುಹೋಗುತ್ತದೆ. ರಾಜಧಾನಿ ಬಿಸ್ಮಾರ್ಕ್ ಅದಕ್ಕೆ ಸ್ವಲ್ಪ ಪಶ್ಚಿಮಕ್ಕಿದೆ. ಅಂದರೆ ನಾವು ಮಾತಾಡುತ್ತಿರುವ ನದಿಯ ಭಾಗ ಒಣ ಬದಿಯಲ್ಲಿದೆ. ಒಂದೆರಡು ವರ್ಷ ಚೆನ್ನಾಗಿ ಮಳೆ ಬಂದರೆ ಬೆಳೆ ಭರ್ಜರಿ, ಆಮೇಲೆ ನಾಲ್ಕು ವರ್ಷ ಏನೂ ಇಲ್ಲ. ವಿಜಯಪುರ, ರಾಯಚೂರಿನ ಕಡೆಯ ರೈತರಿಗೆ ಈ ಜೂಜು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಮೇಲಿನ ಬಯಲನ್ನು ಸರ್ಕಾರ ಹಂಚಿದ್ದು ಮಳೆಯನ್ನು ನೋಡಿ ಅಲ್ಲ, ಅಳತೆಪಟ್ಟಿ ನೋಡಿ. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ ಒಂದು ಟೌನ್‌ಶಿಪ್. ಅದರೊಳಗೆ ಒಂದೊಂದು ಚದರ ಮೈಲಿಯ 36 ಸೆಕ್ಷನ್, ಪ್ರತಿ ಸೆಕ್ಷನ್ 640 ಎಕರೆ. 1862ರ ಹೋಮ್‌ಸ್ಟೆಡ್ ಕಾನೂನಿನ ಪ್ರಕಾರ ಒಂದು ಕುಟುಂಬಕ್ಕೆ 160 ಎಕರೆ. ಪೂರ್ವದ ಹಸಿ ನೆಲದಲ್ಲಿ 160 ಎಕರೆ ಅಂದರೆ ದೊಡ್ಡ ಆಸ್ತಿ. ಇಲ್ಲಿ ಅಷ್ಟರಲ್ಲಿ ಸಂಸಾರ ಸಾಗುತ್ತಿರಲಿಲ್ಲ. 1909ರಲ್ಲಿ ಒಣ ಸೀಮೆಗಳಿಗೆ ಅಂತ ಅದನ್ನು 320ಕ್ಕೆ ಏರಿಸಿದರು, ಅದೂ ಸಾಲಲಿಲ್ಲ. ಈ ಚೌಕಗಳ ಮೇಲೆ ರೈಲು ಕಂಪನಿಗಳು ಹಳಿ ಹಾಸಿದವು. ನಾರ್ದರ್ನ್ ಪೆಸಿಫಿಕ್ 1882ರಲ್ಲಿ ಬಿಸ್ಮಾರ್ಕ್ ಹತ್ತಿರ ಮಿಸೌರಿಗೆ ಸೇತುವೆ ಕಟ್ಟಿತು. ಗ್ರೇಟ್ ನಾರ್ದರ್ನ್ ಉತ್ತರದಲ್ಲಿ ಮೈನಾಟ್, ವಿಲ್ಲಿಸ್ಟನ್ ಮೇಲೆ ಹೋಯಿತು. ಹಳಿಯ ಉದ್ದಕ್ಕೂ ಕೆಲವೇ ಮೈಲಿಗೆ ಒಂದರಂತೆ ಸ್ಟೇಷನ್, ಅದರ ಪಕ್ಕ ಗೋಧಿ ತುಂಬಿಡುವ ಎತ್ತರದ ಮರದ ಎಲಿವೇಟರ್, ಒಂದು ಬ್ಯಾಂಕು, ಒಂದು ಚರ್ಚು. ಕುದುರೆ ಗಾಡಿಯಲ್ಲಿ ಗೋಧಿ ಹೇರಿಕೊಂಡು ಹೋದ ರೈತ ಸಂಜೆಗೆ ಮನೆ ಸೇರಬೇಕು, ಊರುಗಳ ಅಂತರ ನಿಂತದ್ದು ಈ ಲೆಕ್ಕದ ಮೇಲೆ.

1930ರ ದಶಕದ ಬರ, ಧೂಳು ಬಿರುಗಾಳಿ ಆ ಲೆಕ್ಕವನ್ನು ಮುರಿದವು. 1930ರಲ್ಲಿ ರಾಜ್ಯದ ಜನಸಂಖ್ಯೆ 6,80,845 ಇತ್ತು, 1950ಕ್ಕೆ ಅದು 6,19,636ಕ್ಕೆ ಇಳಿದಿತ್ತು. ಇಡೀ ದೇಶದ ಜನಸಂಖ್ಯೆ ಏರುತ್ತಿದ್ದ ಕಾಲ ಅದು. ಜೊತೆಗೆ ಟ್ರ್ಯಾಕ್ಟರು, ಲಾರಿ ಬಂದವು. ಒಬ್ಬ ರೈತ ನಾಲ್ಕು ಜನರ ಹೊಲ ಉಳಬಹುದಾಯಿತು, ಹತ್ತು ಮೈಲಿಯ ಊರು ಬಿಟ್ಟು ಐವತ್ತು ಮೈಲಿಯ ಊರಿಗೆ ಗೋಧಿ ಒಯ್ಯಬಹುದಾಯಿತು. ಹಾಗಾಗಿ ಶತಮಾನದ ನಡುವಿನ ಹೊತ್ತಿಗೆ ಮೇಲಿನ ಬಯಲಲ್ಲಿ ಹೊಲಗಳು ದೊಡ್ಡದಾಗುತ್ತಿದ್ದವು, ಊರುಗಳು ಸಣ್ಣದಾಗುತ್ತಿದ್ದವು. ಅಣೆಕಟ್ಟು ಬೇಕು, ನೀರಾವರಿ ಬೇಕು ಅಂತ ಆ ಜನ ಕೇಳಿದ್ದರಲ್ಲಿ ತಪ್ಪಿಲ್ಲ. ಬರವನ್ನು ಕಣ್ಣಾರೆ ಕಂಡವರು ಅವರು.

ಈಗ ಕೆಳಗೆ ಇಳಿಯೋಣ. ತಗ್ಗಿನ ಲೋಕ ನಡೆಯುತ್ತಿದ್ದದ್ದು ನೆರೆಯಿಂದ. ಮಿಸೌರಿಗೆ ವರ್ಷಕ್ಕೆ ಎರಡು ಸಲ ನೆರೆ ಬರುತ್ತಿತ್ತು. ಮೊದಲನೆಯದು ಮಾರ್ಚ್, ಏಪ್ರಿಲ್‌ನಲ್ಲಿ, ಬಯಲಿನ ಹಿಮ ಕರಗಿ ನದಿಯ ಮೇಲಿನ ಮಂಜುಗಡ್ಡೆ ಒಡೆದಾಗ. ಎರಡನೆಯದು ಜೂನ್‌ನಲ್ಲಿ, ದೂರದ ರಾಕಿ ಪರ್ವತಗಳ ಹಿಮ ಕರಗಿ ಬಂದಾಗ. ನೀರು ದಡ ಮೀರಿ ಹರಡಿ, ಹೊಸ ಮಣ್ಣು ಬಿಟ್ಟು ಇಳಿಯುತ್ತಿತ್ತು. ಮೇಲೆ ಬರ ಇದ್ದ ವರ್ಷವೂ ಇಲ್ಲಿ ಮಣ್ಣಿನಲ್ಲಿ ಪಸೆ ಉಳಿಯುತ್ತಿತ್ತು. ಹಸಿ ಮರಳಿನ ಮೇಲೆ ಕಾಟನ್‌ವುಡ್ ಮರದ ಬೀಜ ಬಿದ್ದು ಮೊಳೆಯುತ್ತಿತ್ತು. ಆ ಮರದ ಸಸಿ ಹುಟ್ಟಬೇಕಾದರೆ ನೆರೆ ಬಂದು ಇಳಿದ ಬೋಳು ನೆಲವೇ ಬೇಕು, ಇನ್ನೊಂದು ಮರದ ನೆರಳಲ್ಲಿ ಅದು ಏಳುವುದಿಲ್ಲ. ಅದರ ಜೊತೆಗೆ ಆಶ್, ಎಲ್ಮ್, ವಿಲ್ಲೋ ಮರಗಳು. ಕಾಡಿನ ಅಂಚಲ್ಲಿ ಜೂನ್‌ಬೆರಿ, ಚೋಕ್‌ಚೆರಿ, ಬಫೆಲೋಬೆರಿ, ಕಾಡು ಪ್ಲಮ್. ಮೈಲಿಗಟ್ಟಲೆ ಮರವೇ ಇಲ್ಲದ ಬಯಲಿನ ನಡುವೆ ಇದು ಉದ್ದಕ್ಕೆ ಹಾಸಿದ ಒಂದು ಹಸಿರು ಪಟ್ಟಿ.

ಚಳಿಗಾಲದಲ್ಲಿ ಇದರ ಬೆಲೆ ಇನ್ನೂ ಜಾಸ್ತಿ. ಅಲ್ಲಿ ತಾಪಮಾನ ಮೈನಸ್ 30 ಡಿಗ್ರಿಗೆ ಇಳಿಯುವುದು ಅಪರೂಪ ಏನಲ್ಲ. ಆ ಚಳಿಗೆ ಉತ್ತರದ ಗಾಳಿ ಸೇರಿದರೆ ಮೇಲಿನ ಬಯಲಲ್ಲಿ ದನ ಸತ್ತೇ ಹೋಗುತ್ತವೆ. ಕಣಿವೆಯ ತಳದಲ್ಲಿ ಗಾಳಿಗೆ ಮರ, ದಿನ್ನೆ ಎರಡೂ ಅಡ್ಡ. ಉರಿಸಲು ಸೌದೆ ಇದೆ, ಕೊರಕಲಿನ ಗೋಡೆಯಲ್ಲಿ ಲಿಗ್ನೈಟ್ ಪದರ ಹೊರಗೆ ಚಾಚಿಕೊಂಡಿದ್ದರೆ ಅದನ್ನೂ ಅಗೆದು ತರಬಹುದು. ಕುಡಿಯುವ ನೀರು ಕೈಗೆಟುಕುವಷ್ಟು ಹತ್ತಿರ. ಜಿಂಕೆ, ಕೋಳಿ ಜಾತಿಯ ಹಕ್ಕಿಗಳು ಚಳಿಗಾಲಕ್ಕೆ ಇಲ್ಲಿಗೇ ಇಳಿದು ಬರುತ್ತಿದ್ದವು.

ಈ ತಗ್ಗನ್ನು ಚೆನ್ನಾಗಿ ಅರಿತವರು ಮ್ಯಾಂಡನ್, ಹಿಡಾಟ್ಸಾ, ಅರಿಕರಾ ಎಂಬ ಮೂರು ಬುಡಕಟ್ಟಿನ ಜನ. ಕುದುರೆ ಮೇಲೆ ಕಾಡೆಮ್ಮೆ ಬೇಟೆಯಾಡುತ್ತಾ ಅಲೆಯುವವರು ಅನ್ನುವ ಸಿನಿಮಾ ಚಿತ್ರ ಇವರಿಗೆ ಹೊಂದುವುದಿಲ್ಲ. ಬೇಟೆ ಇತ್ತು, ಆದರೆ ಇವರು ಮೊದಲು ರೈತರು. ಕಾಟನ್‌ವುಡ್ ಕಂಬ ನೆಟ್ಟು, ಮೇಲೆ ಮಣ್ಣು ಮುಚ್ಚಿದ ದುಂಡನೆಯ ಮನೆಗಳ ಊರು ಕಟ್ಟಿ ನೆಲೆಸಿದವರು. ತಗ್ಗಿನ ಹೊಲ ಹೆಂಗಸರ ಕೈಯಲ್ಲಿತ್ತು: ಮೆಕ್ಕೆಜೋಳ, ಬೀನ್ಸ್, ಕುಂಬಳ, ಸೂರ್ಯಕಾಂತಿ. ಸೂರ್ಯಕಾಂತಿಯನ್ನು ಮೊದಲು ಬೆಳೆಯಾಗಿ ಪಳಗಿಸಿದ್ದು ಉತ್ತರ ಅಮೆರಿಕದ ಮೂಲ ಜನ. ಇಂದು ಕಲ್ಯಾಣ ಕರ್ನಾಟಕದ ಕರಿ ಮಣ್ಣಿನಲ್ಲಿ ಅರಳುವ ಹಳದಿ ಹೊಲಗಳ ಬೀಜದ ಬೇರು ಆ ಖಂಡದಲ್ಲಿದೆ. ಕಡಿಮೆ ದಿನದಲ್ಲಿ ಕಾಳು ಕಟ್ಟುವ ಮೆಕ್ಕೆಜೋಳದ ತಳಿಗಳನ್ನು ಅವರು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ದರು. ಬೇಸಿಗೆ ಅಷ್ಟು ಗಿಡ್ಡವಾದ ಸೀಮೆಯಲ್ಲಿ ಅದು ಸಣ್ಣ ಸಾಧನೆ ಅಲ್ಲ.

ಪಶ್ಚಿಮದ ನೆಲ ಹುಡುಕಿ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ 1804-05ರ ಚಳಿಗಾಲ ಕಳೆದದ್ದು ಇವರ ಊರುಗಳ ಪಕ್ಕದಲ್ಲೇ. ಮುಂದೆ ಅವರ ಜೊತೆ ಪಯಣಿಸಿದ ಸಕಾಕವಿಯಾ ಎಂಬ ಮೂಲ ಜನರ ಹೆಣ್ಣುಮಗಳು ಆ ತಂಡವನ್ನು ಸೇರಿದ್ದೂ ಇಲ್ಲಿಂದ, ಸರೋವರಕ್ಕೆ ಇಟ್ಟದ್ದು ಅವಳದೇ ಹೆಸರು. 1837ರಲ್ಲಿ ಸಿಡುಬು ಬಂದು ಮ್ಯಾಂಡನ್ ಜನರಲ್ಲಿ ಬಹುಪಾಲು ಸತ್ತರು. ಉಳಿದವರು ಹಿಡಾಟ್ಸಾ ಜನರ ಜೊತೆ ಸೇರಿ 1845ರಲ್ಲಿ ಹೊಸ ಊರು ಕಟ್ಟಿದರು, ಆಮೇಲೆ ಅರಿಕರಾ ಜನ ಬಂದು ಸೇರಿದರು. 1851ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಇವರದೆಂದು ಗುರುತಿಸಿದ ನೆಲ ಸುಮಾರು 1 ಕೋಟಿ 20 ಲಕ್ಷ ಎಕರೆ. ರೈಲು ಕಂಪನಿಗೆ ಸ್ವಲ್ಪ, ವಲಸೆ ರೈತರಿಗೆ ಸ್ವಲ್ಪ ಅಂತ ಕತ್ತರಿಸುತ್ತಾ ಬಂದು, 20ನೇ ಶತಮಾನದ ಮೊದಲ ದಶಕಗಳ ಹೊತ್ತಿಗೆ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶದಲ್ಲಿ ಅವರ ಕೈಯಲ್ಲಿ ಉಳಿದದ್ದು ಆರು ಲಕ್ಷ ಎಕರೆಗಳ ಆಸುಪಾಸು. ಇಷ್ಟೆಲ್ಲ ಹೋದರೂ ಅವರು ಬಿಡದೆ ಉಳಿಸಿಕೊಂಡದ್ದು ನದಿಯ ತಗ್ಗನ್ನು.

1940ರ ದಶಕದಲ್ಲಿ ಆ ತಗ್ಗಿನ ಮುಖ್ಯ ಊರು ಎಲ್ಬೋವುಡ್ಸ್. ಸರ್ಕಾರಿ ಕಚೇರಿ, ಶಾಲೆ, ಆಸ್ಪತ್ರೆ, ಬುಡಕಟ್ಟು ಮಂಡಳಿ ಎಲ್ಲ ಅಲ್ಲೇ. 1934ರಲ್ಲಿ ಅಲ್ಲಿ ಫೋರ್ ಬೇರ್ಸ್ ಸೇತುವೆ ಬಂದ ಮೇಲೆ ನದಿಯ ಎರಡೂ ದಡ ಒಂದಾಗಿದ್ದವು. ನದಿಗುಂಟ ಸಣ್ಣ ಸಣ್ಣ ಊರುಗಳು: ನಿಶು, ಬೀವರ್ ಕ್ರೀಕ್, ಲಕ್ಕಿ ಮೌಂಡ್, ಶೆಲ್ ಕ್ರೀಕ್, ಇಂಡಿಪೆಂಡೆನ್ಸ್. ಮನೆ ಮುಂದೆ ತರಕಾರಿ ತೋಟ, ಕಾಡಿನಲ್ಲಿ ಹಣ್ಣು, ಚಳಿಗಾಲಕ್ಕೆ ದನಕ್ಕೆ ಆಸರೆ, ಬೇಸಿಗೆಯಲ್ಲಿ ಮೇಲಿನ ಹುಲ್ಲಿಗೆ ಹೊಡೆಯುವುದು. ಕೈಯಲ್ಲಿ ದುಡ್ಡು ಕಡಿಮೆ ಇತ್ತು, ಹೌದು. ಆದರೆ ಸೌದೆಗೆ, ನೀರಿಗೆ, ತರಕಾರಿಗೆ ದುಡ್ಡು ಬೇಕಿರಲಿಲ್ಲ.

ಅಣೆಕಟ್ಟಿನ ಯೋಜನೆ ಹುಟ್ಟಿದ್ದು ಇಲ್ಲಿಂದ ಬಹಳ ಕೆಳಗೆ. 1943ರಲ್ಲಿ ಮಿಸೌರಿ ಉಕ್ಕಿ ಒಮಾಹಾ ನಗರದ ಸುತ್ತ, ಅದರ ಕೆಳಗಿನ ಹೊಲಗಳಲ್ಲಿ ಭಾರಿ ಹಾನಿ ಆಯಿತು. ಸೇನೆಯ ಎಂಜಿನಿಯರ್‌ಗಳ ದಳದ ಕರ್ನಲ್ ಲೂಯಿಸ್ ಪಿಕ್ ಒಂದು ಯೋಜನೆ ಬರೆದರು: ಮುಖ್ಯ ನದಿಗೇ ದೊಡ್ಡ ಅಣೆಕಟ್ಟುಗಳು, ನೆರೆ ತಡೆಯಬೇಕು, ಕೆಳಗೆ ಸರಕು ದೋಣಿ ಓಡಬೇಕು. ಇನ್ನೊಂದು ಇಲಾಖೆಯ, ಅಂದರೆ ಬ್ಯೂರೋ ಆಫ್ ರೆಕ್ಲಮೇಶನ್‌ನ ಗ್ಲೆನ್ ಸ್ಲೋನ್ ಬೇರೆ ಯೋಜನೆ ಬರೆದಿದ್ದರು. ಅದರ ಗುರಿ ಒಣ ಸೀಮೆಗೆ ನೀರಾವರಿ ಮತ್ತು ವಿದ್ಯುತ್. ಎರಡೂ ಇಲಾಖೆಗೆ ಒಂದೇ ನದಿ ಬೇಕು. ಇಡೀ ಕಣಿವೆಗೆ ಒಂದೇ ಪ್ರಾಧಿಕಾರ ಬರಲಿ, ಟೆನೆಸಿ ಕಣಿವೆಯಲ್ಲಿ ಆದ ಹಾಗೆ, ಅನ್ನುವ ಮಾತು ಆಗಲೇ ಎದ್ದಿತ್ತು. ಹಾಗಾದರೆ ಇಬ್ಬರ ಅಧಿಕಾರವೂ ಹೋಗುತ್ತಿತ್ತು. 1944ರ ಅಕ್ಟೋಬರ್‌ನಲ್ಲಿ ಎರಡೂ ಕಡೆಯವರು ಒಮಾಹಾದಲ್ಲಿ ಕುಳಿತು ಎರಡು ಯೋಜನೆಯನ್ನೂ ಹೊಲಿದು ಒಂದು ಮಾಡಿದರು. ಯಾವುದನ್ನು ಬಿಡಬೇಕು ಅನ್ನುವ ಕಷ್ಟದ ಪ್ರಶ್ನೆಯನ್ನು ಹೆಚ್ಚಾಗಿ ಮುಟ್ಟಲೇ ಇಲ್ಲ, ಬಹುತೇಕ ಎಲ್ಲವನ್ನೂ ಸೇರಿಸಿದರು. ಡಿಸೆಂಬರ್ 22ಕ್ಕೆ ಅದು ಕಾನೂನಾಯಿತು. ಜನ ಅದನ್ನು ಪಿಕ್-ಸ್ಲೋನ್ ಯೋಜನೆ ಅಂತ ಕರೆಯುತ್ತಾರೆ.

ಇದರ ಭೂಗೋಳ ಗಮನಿಸಿ. ನೆರೆಯಿಂದ ಉಳಿಯುವವರು ಮುಖ್ಯವಾಗಿ ಕೆಳಗಿನ ರಾಜ್ಯಗಳಲ್ಲಿ: ನೆಬ್ರಾಸ್ಕಾ, ಅಯೋವಾ, ಕಾನ್ಸಸ್, ಮಿಸೌರಿ. ದೋಣಿ ಓಡುವುದು ಸೂ ಸಿಟಿಯಿಂದ ಕೆಳಗೆ. ನೀರು ನಿಲ್ಲುವುದು ಮೇಲೆ, ಎರಡು ಡಕೋಟಗಳಲ್ಲಿ. ಮೇಲಿನವರು ಮುಳುಗಡೆ ಒಪ್ಪಿದ್ದು ನೀರಾವರಿ ಸಿಗುತ್ತದೆ ಎಂಬ ಮಾತಿನ ಮೇಲೆ. ಈ ಕೊಡು-ಕೊಳ್ಳು ಲೆಕ್ಕದಲ್ಲಿ ತಗ್ಗಿನ ಜನರನ್ನು ಕೇಳುವ ಹಂತವೇ ಇರಲಿಲ್ಲ.

ಗ್ಯಾರಿಸನ್ ಅಣೆಕಟ್ಟಿನ ಕೆಲಸ 1947ರ ಹೊತ್ತಿಗೆ ಶುರುವಾಯಿತು. ಮಣ್ಣು ತುಂಬಿ ಕಟ್ಟಿದ ಒಡ್ಡು, ಸುಮಾರು 3.4 ಕಿಲೋಮೀಟರ್ ಉದ್ದ, 210 ಅಡಿ ಎತ್ತರ. ಕೆಲಸಗಾರರಿಗಾಗಿ ರಿವರ್‌ಡೇಲ್ ಅಂತ ಒಂದು ಹೊಸ ಊರನ್ನೇ ಕಟ್ಟಿದರು. ನದಿಯನ್ನು ಮುಚ್ಚಿದ್ದು 1953ರ ಏಪ್ರಿಲ್‌ನಲ್ಲಿ, ಜೂನ್ 11ಕ್ಕೆ ಅಧ್ಯಕ್ಷ ಐಸೆನ್‌ಹೋವರ್ ಬಂದು ಭಾಷಣ ಮಾಡಿದರು. ವಿದ್ಯುತ್ ಬಂದದ್ದು 1956ರಲ್ಲಿ. ನದಿಯನ್ನು ಮುಚ್ಚುವುದಕ್ಕೆ ಒಂದು ವರ್ಷ ಮೊದಲು, 1952ರ ಏಪ್ರಿಲ್‌ನಲ್ಲಿ, ಬಿಸ್ಮಾರ್ಕ್‌ನಿಂದ ಒಮಾಹಾವರೆಗೆ ಮಿಸೌರಿ ಮತ್ತೆ ಭೀಕರವಾಗಿ ಉಕ್ಕಿತ್ತು. ಹಾಗಾಗಿ ನೆರೆಯ ಭಯ ಸುಳ್ಳಾಗಿರಲಿಲ್ಲ. ಅಣೆಕಟ್ಟು ಆ ಭಯವನ್ನು ಬಹಳ ಮಟ್ಟಿಗೆ ಇಳಿಸಿತು. ಅದನ್ನು ಒಪ್ಪಿಕೊಂಡೇ ಮುಂದಿನದನ್ನು ಹೇಳಬೇಕು.

ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ಬುಡಕಟ್ಟಿನವರ ಸಹಿ ಬಿದ್ದದ್ದು 1948ರ ಮೇ 20ರಂದು, ಅಂದರೆ ಕೆಲಸ ಶುರುವಾದ ಮೇಲೆ! ಅದಕ್ಕೂ ಮುಂಚೆ ಬುಡಕಟ್ಟು ಮಂಡಳಿ ಇನ್ನೂ ಮೇಲಕ್ಕೆ ಬೇರೆ ಒಂದು ಜಾಗ ತೋರಿಸಿ, ಅಲ್ಲಿ ಅಣೆಕಟ್ಟು ಕಟ್ಟಿದರೆ ನೆಲವನ್ನು ಪುಕ್ಕಟೆ ಕೊಡುತ್ತೇವೆ ಅಂದಿತ್ತು. ಎಂಜಿನಿಯರ್‌ಗಳು ಒಪ್ಪಲಿಲ್ಲ. ಮುಳುಗುವ ನೆಲಕ್ಕೆ ಬದಲಿ ನೆಲ ಅಂತ ಸರ್ಕಾರ ತೋರಿಸಿದ್ದನ್ನು ಬುಡಕಟ್ಟಿನವರು ಒಪ್ಪಲಿಲ್ಲ, ಅದು ತಗ್ಗಿನ ನೆಲಕ್ಕೆ ಸಾಟಿಯೇ ಇರಲಿಲ್ಲ. ಕೊನೆಗೆ ವಾಷಿಂಗ್ಟನ್‌ನಲ್ಲಿ ಒಳಾಡಳಿತ ಕಾರ್ಯದರ್ಶಿ ಕ್ರುಗ್ ಸಹಿ ಹಾಕುವಾಗ ಪಕ್ಕದಲ್ಲಿ ನಿಂತಿದ್ದ ಮಂಡಳಿ ಅಧ್ಯಕ್ಷ ಜಾರ್ಜ್ ಗಿಲೆಟ್ ಕನ್ನಡಕ ತೆಗೆದು ಮುಖಕ್ಕೆ ಕೈ ಒತ್ತಿ ಅತ್ತರು. ಆ ಫೋಟೋ ಇಂದಿಗೂ ಸಿಗುತ್ತದೆ. ಸುತ್ತ ಸೂಟು ಹಾಕಿದ ಅಧಿಕಾರಿಗಳು ಬೇರೆ ಕಡೆ ನೋಡುತ್ತಾ ನಿಂತಿದ್ದಾರೆ. ಅದನ್ನು ನೋಡಿ ಸುಮ್ನೆ ಮುಂದಿನ ಪುಟಕ್ಕೆ ಹೋಗುವುದು ನನ್ನಿಂದ ಆಗುವುದಿಲ್ಲ.

ಹೋದ ನೆಲ ಸುಮಾರು 1 ಲಕ್ಷ 52 ಸಾವಿರ ಎಕರೆ. ಎರಡು ಕಂತಿನಲ್ಲಿ ಬಂದ ಪರಿಹಾರ ಒಟ್ಟು 1 ಕೋಟಿ 26 ಲಕ್ಷ ಡಾಲರ್. ಎತ್ತಂಗಡಿ ಆದವರು ಸುಮಾರು 325 ಕುಟುಂಬ, ಮೀಸಲು ಪ್ರದೇಶದ ಜನರಲ್ಲಿ ನೂರಕ್ಕೆ 80ರಷ್ಟು. ಇಲ್ಲಿ ಲೆಕ್ಕದ ಒಳಗಿನ ತಪ್ಪು ನೋಡಿ. ಒಟ್ಟು ಮೀಸಲು ನೆಲದ ಕಾಲು ಭಾಗ ಹೋಯಿತು, ಮುಕ್ಕಾಲು ಉಳಿಯಿತು ಅಂತ ಕಾಗದದ ಮೇಲೆ ತೋರಿಸಬಹುದು. ಆದರೆ ಆ ಕಾಲು ಭಾಗದಲ್ಲೇ ಬಹುತೇಕ ಎಲ್ಲ ಉಳುವ ನೆಲ, ಎಲ್ಲ ಕಾಡು, ಎಲ್ಲ ಊರು, ಎಲ್ಲ ರಸ್ತೆ ಇದ್ದವು. ಮನೆಯೊಂದರ ಅಡುಗೆಮನೆ, ಬಾವಿ, ಸೌದೆ ಕೊಟ್ಟಿಗೆ ಮೂರನ್ನೂ ಕಿತ್ತುಕೊಂಡು, ಹಜಾರ ದೊಡ್ಡದಾಗೇ ಇದೆಯಲ್ಲ ಅಂದ ಹಾಗೆ. ಭೂಸ್ವಾಧೀನದಲ್ಲಿ ಎಕರೆಗೆ ಇಷ್ಟು ಅಂತ ಬೆಲೆ ಕಟ್ಟುವಾಗ ಆ ಎಕರೆ ಪಕ್ಕದ ಎಕರೆಗೆ ಏನು ಮಾಡುತ್ತಿತ್ತು ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ. ತಗ್ಗಿನ ಆಸರೆ ಇಲ್ಲದೆ ಮೇಲಿನ ಹುಲ್ಲಿನಲ್ಲಿ ಚಳಿಗಾಲ ದನ ಉಳಿಯುವುದಿಲ್ಲ. ಹಾಗಾಗಿ ಉಳಿದ ಮುಕ್ಕಾಲು ಭಾಗದ ಬೆಲೆ ಕೂಡ ತಗ್ಗಿನ ಜೊತೆಗೇ ಮುಳುಗಿತು.

ನೀರು ಏರಿದ ಹಾಗೆ ಜನ ಮೇಲಿನ ಬಯಲಿಗೆ ಹತ್ತಿದರು. ಹಲವು ಮನೆಗಳನ್ನು ಎತ್ತಿ ಗಾಡಿಯ ಮೇಲೆ ಇಟ್ಟು ಸಾಗಿಸಿದರು. ಸಮಾಧಿಗಳನ್ನೂ ಅಗೆದು ಬೇರೆಡೆಗೆ ಒಯ್ದರು. ಮೇಲೆ ಬಾವಿ ತೋಡಿದರೆ ಎಷ್ಟೋ ಕಡೆ ಸಿಕ್ಕಿದ್ದು ಉಪ್ಪು ಕಲೆತ ನೀರು. ಮರ ಇಲ್ಲ, ಗಾಳಿಗೆ ತಡೆ ಇಲ್ಲ, ತೋಟ ಹಾಕಲು ಮಣ್ಣು ಸರಿಯಿಲ್ಲ. ಸೌದೆ ಇದ್ದ ಕಡೆ ಈಗ ಇಂಧನ ಕೊಳ್ಳಬೇಕು, ಹಣ್ಣು ತರಕಾರಿ ಇದ್ದ ಕಡೆ ಡಬ್ಬಿ ಆಹಾರ. ಮುಂದಿನ ದಶಕಗಳಲ್ಲಿ ಆ ಜನರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಿದ್ದರ ಹಿಂದೆ ಈ ಬದಲಾವಣೆ ಇದೆ ಎಂದು ಅಲ್ಲಿನವರು ಹೇಳುತ್ತಾರೆ, ಅದು ಸಹಜವಾದ ಮಾತೇ.

ದೂರದ ಅಳತೆ ಕೂಡ ಬದಲಾಯಿತು. ಹಿಂದೆ ನದಿ ಎರಡು ದಡದವರನ್ನು ಕೂಡಿಸುವ ಜಾಗ. ಈಗ ಮೈಲಿಗಟ್ಟಲೆ ಅಗಲದ ನೀರು ಮೀಸಲು ಪ್ರದೇಶವನ್ನು ಐದು ತುಂಡು ಮಾಡಿತು. ಎದುರು ದಡದ ಅಕ್ಕನ ಮನೆಗೆ ಹೋಗಲು ಈಗ ಇಡೀ ದಿನದ ಸುತ್ತು ದಾರಿ. ಎಲ್ಬೋವುಡ್ಸ್‌ನ ಫೋರ್ ಬೇರ್ಸ್ ಸೇತುವೆಯ ಮುಖ್ಯ ಭಾಗವನ್ನು ಬಿಚ್ಚಿ ಮೇಲಕ್ಕೆ ಸಾಗಿಸಿ, 1955ರಲ್ಲಿ ಹೊಸ ಸೇತುವೆಯ ನಡುವೆ ಕೂರಿಸಿದರು. ಆದರೆ ಆಸ್ಪತ್ರೆಗೆ ಆ ಭಾಗ್ಯ ಇರಲಿಲ್ಲ. ಎಲ್ಬೋವುಡ್ಸ್ ಆಸ್ಪತ್ರೆ ಮುಳುಗಿದ ಮೇಲೆ ಅದರ ಹೆಸರು ಹೊತ್ತ ಆರೋಗ್ಯ ಕೇಂದ್ರ ನ್ಯೂ ಟೌನ್‌ನಲ್ಲಿ ತೆರೆದದ್ದು 2011ರಲ್ಲಿ. ಅರ್ಧ ಶತಮಾನಕ್ಕಿಂತ ಜಾಸ್ತಿ.

ನ್ಯೂ ಟೌನ್ ಅನ್ನುವ ಆ ಊರು ಹುಟ್ಟಿದ್ದೂ ಈ ಮುಳುಗಡೆಯಿಂದಲೇ. ಸ್ಯಾನಿಶ್, ವ್ಯಾನ್ ಹುಕ್ ಎಂಬ ಎರಡು ಊರುಗಳು ನೀರಿನ ಪಾಲಾಗುವುದಿತ್ತು, ಅಲ್ಲಿದ್ದವರು ಹೆಚ್ಚಾಗಿ ಬಿಳಿಯ ವಲಸಿಗರು. ಅವರು ಮೇಲೆ ಹೊಸ ಊರು ಕಟ್ಟಿಕೊಂಡರು. ಇನ್ನೂ ಮೇಲಕ್ಕೆ, ಯೆಲ್ಲೋಸ್ಟೋನ್ ನದಿ ಮಿಸೌರಿಯನ್ನು ಸೇರುವ ಜಾಗಕ್ಕೆ ಹತ್ತಿರದ ವಿಲ್ಲಿಸ್ಟನ್ ಪಟ್ಟಣಕ್ಕೆ ಹಿನ್ನೀರು ನುಗ್ಗದ ಹಾಗೆ ಒಡ್ಡು ಕಟ್ಟಿದರು. ಪಟ್ಟಣವನ್ನು ಉಳಿಸಿದ್ದು ಸರಿಯೇ. ಎಲ್ಲಿ ಒಡ್ಡು ಕಟ್ಟಬೇಕು, ಎಲ್ಲಿ ಬಿಡಬಹುದು ಅನ್ನುವ ತೀರ್ಮಾನದಲ್ಲಿ ಯಾರ ದನಿ ಕೇಳಿಸಿತು ಅನ್ನುವುದು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ.

ಹಾಗಾದರೆ ಮೇಲಿನ ಬಯಲಿನ ರೈತರಿಗೆ ನೀರು ಬಂತಾ? ಹತ್ತು ಲಕ್ಷ ಎಕರೆಗೂ ಮೀರಿ ನೀರಾವರಿ ಅನ್ನುವುದು ಮೊದಲ ಮಾತು. 1965ರಲ್ಲಿ ಸಂಸತ್ತು ಒಪ್ಪಿದ್ದು 2 ಲಕ್ಷ 50 ಸಾವಿರ ಎಕರೆ. ಒಂದಷ್ಟು ಕಾಲುವೆ ತೋಡಿದರು, ಆದರೆ ಹಿಮ ಬಿಟ್ಟುಹೋದ ಆ ಮಣ್ಣಿನಲ್ಲಿ ನೀರು ಸರಿಯಾಗಿ ಬಸಿಯುವುದಿಲ್ಲ, ಉಪ್ಪು ಮೇಲೆ ಬರುತ್ತದೆ. ಜೊತೆಗೆ ಮಿಸೌರಿಯ ನೀರನ್ನು ಪೂರ್ವಕ್ಕೆ ತಿರುಗಿಸಿದರೆ ಅದು ಕೆನಡಾಕ್ಕೆ ಹರಿಯುವ ನದಿಗಳಿಗೆ ಸೇರುತ್ತದೆ, ಬೇರೆ ಜಾತಿಯ ಮೀನು, ರೋಗ ದಾಟಿ ಬರುತ್ತವೆ ಅಂತ ಕೆನಡಾ ತಕರಾರು ತೆಗೆಯಿತು. ಹಿಮಯುಗದಲ್ಲಿ ಬೇರೆಯಾದ ಎರಡು ಜಲಾನಯನಗಳನ್ನು ಮತ್ತೆ ಕೂಡಿಸುವ ಕೆಲಸ ಅದು, ತಕರಾರು ಬಂದದ್ದರಲ್ಲಿ ಆಶ್ಚರ್ಯ ಇಲ್ಲ. ಮಾತು ಕೊಟ್ಟ ನೀರಾವರಿಯ ಬಹುಭಾಗ ಬರಲೇ ಇಲ್ಲ. ಕೆಳಗಿನ ಸರಕು ದೋಣಿಗಳೂ ಅಂದಾಜಿನಷ್ಟು ಓಡಲಿಲ್ಲ. ಸಿಕ್ಕಿದ್ದು ನೆರೆಯಿಂದ ರಕ್ಷಣೆ, ವಿದ್ಯುತ್, ಮೀನು ಹಿಡಿಯಲು ಮತ್ತು ದೋಣಿ ವಿಹಾರಕ್ಕೆ ಒಂದು ಸರೋವರ.

ನದಿಯ ಗುಣವೇ ಬೇರೆ ಆಯಿತು. ಮಿಸೌರಿ ಕೆಸರಿಗೆ ಹೆಸರಾದ ನದಿ. ಯೆಲ್ಲೋಸ್ಟೋನ್ ಹೊತ್ತು ತರುವ ಮಣ್ಣು ಈಗ ವಿಲ್ಲಿಸ್ಟನ್ ಹತ್ತಿರ, ಹಿನ್ನೀರಿನ ಬಾಯಲ್ಲೇ ಹೂಳಾಗಿ ಕೂರುತ್ತದೆ. ಅದರಿಂದ ಸುತ್ತಲಿನ ಹೊಲಗಳಲ್ಲಿ ಅಂತರ್ಜಲ ಮೇಲೇರಿ ಜೌಗಾಗುತ್ತದೆ. ಅಣೆಕಟ್ಟಿನ ಕೆಳಗೆ ಬಿಡುವ ನೀರು ತಿಳಿ, ತಣ್ಣಗೆ. ಹೊರಲು ಮಣ್ಣಿಲ್ಲದ ನೀರು ಪಾತ್ರವನ್ನೇ ಕೊರೆಯುತ್ತದೆ, ಮರಳ ದಿಬ್ಬಗಳನ್ನು ಒಯ್ಯುತ್ತದೆ. ಬಿಸ್ಮಾರ್ಕ್‌ವರೆಗೆ ಇರುವ ಸ್ವಲ್ಪ ದೂರ ಮಾತ್ರ ನದಿ ಇನ್ನೂ ನದಿಯಾಗಿ ಹರಿಯುತ್ತದೆ, ಅದರ ಕೆಳಗೆ ಓವಾಹಿ ಅಣೆಕಟ್ಟಿನ ಹಿನ್ನೀರು ಶುರು. ಆ ಉಳಿದ ಭಾಗದಲ್ಲೂ ಹಳೆಯ ಕಾಟನ್‌ವುಡ್ ಮರಗಳು ಮುದಿಯಾಗುತ್ತಿವೆ. ನೆರೆ ಇಲ್ಲ, ಹೊಸ ಮರಳು ಇಲ್ಲ, ಹಾಗಾಗಿ ಸಸಿ ಹುಟ್ಟುವುದು ಬಹಳ ಕಡಿಮೆ. ಮರಳ ದಿಬ್ಬದ ಮೇಲೆ ಮೊಟ್ಟೆ ಇಡುವ ಹಕ್ಕಿಗಳು, ಕೆಸರು ನೀರಿಗೆ ಒಗ್ಗಿದ ಪ್ಯಾಲಿಡ್ ಸ್ಟರ್ಜನ್ ಮೀನು ಅಳಿವಿನ ಅಂಚಿಗೆ ಬಂದವು. 2011ರಲ್ಲಿ ಹಿಮವೂ ಮಳೆಯೂ ಒಟ್ಟಿಗೆ ಜಾಸ್ತಿಯಾಗಿ ಗ್ಯಾರಿಸನ್ ಅಣೆಕಟ್ಟಿನ ಕೋಡಿಯನ್ನು ಮೊದಲ ಸಲ ತೆರೆಯಬೇಕಾಯಿತು, ಬಿಸ್ಮಾರ್ಕ್‌ನಲ್ಲಿ ಮನೆಗಳಿಗೆ ನೀರು ನುಗ್ಗಿತು. ಅಷ್ಟರಲ್ಲಿ ಜನ ನದಿ ಪಳಗಿದೆ ಅಂದುಕೊಂಡು ದಡದಲ್ಲೇ ಮನೆ ಕಟ್ಟಿದ್ದರು.

ಗ್ಯಾರಿಸನ್ ಒಂದೇ ಅಲ್ಲ. 1944ರ ಯೋಜನೆಯಲ್ಲಿ ಓವಾಹಿ, ಬಿಗ್ ಬೆಂಡ್, ಫೋರ್ಟ್ ರಾಂಡಲ್, ಗ್ಯಾವಿನ್ಸ್ ಪಾಯಿಂಟ್ ಇದ್ದವು, ಹಳೆಯ ಫೋರ್ಟ್ ಪೆಕ್ ಸೇರಿ ಮುಖ್ಯ ನದಿಗೆ ಆರು ಅಣೆಕಟ್ಟು. ಓವಾಹಿಯ ಹಿನ್ನೀರಿನಲ್ಲಿ ಸ್ಟ್ಯಾಂಡಿಂಗ್ ರಾಕ್ ಮತ್ತು ಶಯಾನ್ ರಿವರ್ ಮೀಸಲು ಪ್ರದೇಶಗಳ ತಗ್ಗು ಹೋಯಿತು. 2016ರಲ್ಲಿ ತೈಲದ ಪೈಪ್‌ಲೈನ್ ವಿರುದ್ಧ ಸ್ಟ್ಯಾಂಡಿಂಗ್ ರಾಕ್ ಜನ ಮಾಡಿದ ದೊಡ್ಡ ಹೋರಾಟ ನೆನಪಿರಬಹುದು, ಅದು ನಡೆದದ್ದು ಈ ಹಿನ್ನೀರಿನ ದಡದಲ್ಲೇ. ಒಮ್ಮೆ ತಗ್ಗು ಕಳೆದುಕೊಂಡವರಿಗೆ ಉಳಿದ ನೀರಿನ ಬಗ್ಗೆ ಅಷ್ಟು ಕಾಳಜಿ ಏಕೆ ಅನ್ನುವುದು ಈ ಇತಿಹಾಸ ಗೊತ್ತಿಲ್ಲದೆ ಅರ್ಥವಾಗುವುದಿಲ್ಲ. ನಮ್ಮಲ್ಲೂ ಅದೇ ಕಾಲ ಅಲ್ವಾ? 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಬಂತು, ಆ ಮುಳುಗಡೆ ಸಂತ್ರಸ್ತರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ.

ಮತ್ತೆ ಫೋರ್ಟ್ ಬರ್ತೋಲ್ಡ್‌ಗೆ ಬರೋಣ, ಅಲ್ಲಿನ ವಿಷಯ ಇನ್ನೂ ಮುಗಿದಿಲ್ಲ. 1992ರಲ್ಲಿ ಅಮೆರಿಕದ ಸಂಸತ್ತು ಹಿಂದಿನ ಪರಿಹಾರ ಸಾಲದಾಗಿತ್ತು ಎಂದು ಒಪ್ಪಿ 14 ಕೋಟಿ 92 ಲಕ್ಷ ಡಾಲರ್‌ನ ನಿಧಿ ಮಂಜೂರು ಮಾಡಿತು. ಇನ್ನೊಂದು ಕಡೆ, ಅಣೆಕಟ್ಟು ಕಟ್ಟುತ್ತಿದ್ದಾಗಲೇ, 1951ರ ಏಪ್ರಿಲ್ 4ರಂದು, ಉತ್ತರಕ್ಕಿರುವ ಟಿಯೋಗಾ ಊರಿನ ಹತ್ತಿರ ರಾಜ್ಯದ ಮೊದಲ ತೈಲ ಬಾವಿ ಚಿಮ್ಮಿತ್ತು. ಆ ಕಾಲದ ತಂತ್ರಕ್ಕೆ ನೆಲದಾಳದ ಬಾಕನ್ ಎಂಬ ಬಂಡೆ ಪದರದ ತೈಲ ಸುಲಭವಾಗಿ ದಕ್ಕುತ್ತಿರಲಿಲ್ಲ. 2000ದ ನಂತರ ಅಡ್ಡಡ್ಡ ಕೊರೆದು ಬಂಡೆ ಸೀಳುವ ತಂತ್ರ ಬಂದ ಮೇಲೆ ಮೀಸಲು ಪ್ರದೇಶದಲ್ಲೂ, ಸರೋವರದ ಅಡಿಯಲ್ಲೂ ತೈಲ ತೆಗೆಯಲು ಆಯಿತು.

ಆಗ ಎದ್ದ ಪ್ರಶ್ನೆ ಇದು: ಮುಳುಗಿದ ಹಳೆಯ ನದಿ ಪಾತ್ರದ ಕೆಳಗಿನ ತೈಲ ಯಾರದು? ಬುಡಕಟ್ಟಿನಿಂದ ಸ್ವಾಧೀನ ಮಾಡಿಕೊಂಡ ನೆಲದ ಅಡಿಯ ಖನಿಜದ ಹಕ್ಕನ್ನು 1984ರ ಕಾನೂನು ಅವರಿಗೇ ವಾಪಸು ಕೊಟ್ಟಿತ್ತು. ಆದರೆ ನದಿ ಹರಿಯುತ್ತಿದ್ದ ಪಾತ್ರವೇ ಬೇರೆ, ದೋಣಿ ಸಂಚಾರದ ನದಿಗಳ ತಳ ರಾಜ್ಯದ್ದು ಅಂತ ನಾರ್ತ್ ಡಕೋಟ ವಾದಿಸಿತು. ಬುಡಕಟ್ಟಿನವರು 1851ರ ಒಪ್ಪಂದ ಮತ್ತು ನಂತರದ ಗಡಿ ನಿಗದಿಯಲ್ಲಿ ನದಿಯೂ ತಮ್ಮ ನೆಲದೊಳಗೇ ಇತ್ತು ಅಂದರು. ಕೇಂದ್ರದ ಒಳಾಡಳಿತ ಇಲಾಖೆಯ ಕಾನೂನು ಅಧಿಕಾರಿ 2017ರಲ್ಲಿ ಬುಡಕಟ್ಟಿನದು ಅಂದರು. 2020ರಲ್ಲಿ ಸರ್ಕಾರ ಬದಲಾಗಿದ್ದಾಗ ಅದೇ ಕಚೇರಿ ರಾಜ್ಯದ್ದು ಅಂತು. 2022ರಲ್ಲಿ ಮತ್ತೆ ಬುಡಕಟ್ಟಿನದು ಅಂತ ತಿರುಗಿಸಿತು. ಈ ಜಗಳದಲ್ಲಿ ದುಡ್ಡು ಯಾರ ಖಾತೆಗೆ ಅನ್ನುವುದು ನಿಂತಿರುವುದು ಅಣೆಕಟ್ಟಿಗೆ ಮುಂಚೆ ಮಿಸೌರಿ ಯಾವ ಗೆರೆಯಲ್ಲಿ ಹರಿಯುತ್ತಿತ್ತು ಅನ್ನುವುದರ ಮೇಲೆ. ಹಾಗಾಗಿ ಶತಮಾನದ ನಡುವಿನ ಆ ಹಳೆಯ ನಕ್ಷೆಗಳನ್ನೇ ವಕೀಲರೂ ಸರ್ವೆಯವರೂ ಈಗ ಮತ್ತೆ ಬಿಚ್ಚಿ ನೋಡಬೇಕಾಗಿದೆ.